ಚಹಾ ಮನೆಯಲ್ಲಿ ಕಾಫಿ: ಫಿಲ್ಟರ್ ಬೇಕೇ, ಪಾತ್ರೆಯೇ ಸಾಕೇ?

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಮನೆಗಳಲ್ಲಿ ಬಂದವರಿಗೆ ಕೇಳದೆಯೇ ಕೊಡುವುದು ಚಹಾ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಮೊದಲೆರಡು ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿ, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿ ಇದ್ದವು. ಆ ಕಡೆ ಬೀದರಿನಲ್ಲೂ ಚಹಾ, ಈ ಕಡೆ ಹೈದರಾಬಾದಿನಲ್ಲೂ ಚಹಾ. ಕಾಫಿ ಇಲ್ಲಿಗೆ ಬರುವುದು ಬಹುಮಟ್ಟಿಗೆ ಬೆಂಗಳೂರಿಗೆ ಓದಲು, ದುಡಿಯಲು ಹೋದ ಮಕ್ಕಳ ಚೀಲದಲ್ಲಿ. ಪುಡಿಯೇನೋ ಬಂತು. ಅದಕ್ಕೆಂದು ಫಿಲ್ಟರ್ ಕೊಳ್ಳಬೇಕೇ, ಚಹಾದ ಪಾತ್ರೆಯಲ್ಲೇ ಕುದಿಸಿ ಸೋಸಿದರೆ ಸಾಲದೇ?

ಪರ: ಫಿಲ್ಟರ್ ಬೇಕು

ಚಹಾ ಕುದ್ದಷ್ಟೂ ಬಣ್ಣ ಏರುತ್ತದೆ, ನಮ್ಮ ಕಡೆಯವರಿಗೆ ಅದೇ ಇಷ್ಟ. ಕಾಫಿಯನ್ನು ಹಾಗೆ ಕುದಿಸಿದರೆ ಪರಿಮಳ ಅಡುಗೆಮನೆಗೆ, ಕಹಿ ಲೋಟಕ್ಕೆ. ಫಿಲ್ಟರಿನಲ್ಲಿ ಪುಡಿ ಒಲೆಯ ಹತ್ತಿರವೇ ಸುಳಿಯುವುದಿಲ್ಲ. ಮೇಲಿನ ಪಾತ್ರೆಗೆ ಮೂರು ಚಮಚ ಪುಡಿ ಹಾಕಿ, ಬಿಲ್ಲೆಯನ್ನು ಹಗುರಾಗಿ ಒತ್ತಿ, ಕುದಿಸಿ ಇಳಿಸಿದ ನೀರನ್ನು ಅರೆ ನಿಮಿಷ ಬಿಟ್ಟು ಸುರಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ದಪ್ಪ ಡಿಕಾಕ್ಷನ್ ಇಳಿದಿರುತ್ತದೆ. ರಾತ್ರಿ ಹಾಕಿಟ್ಟು ಮಲಗಿದರೆ ಬೆಳಿಗ್ಗೆ ಹಾಲು ಕಾಯಿಸುವುದಷ್ಟೇ ಕೆಲಸ.

ಪುಡಿ ಕೊಳ್ಳುವಾಗ ಪೊಟ್ಟಣ ಓದಬೇಕು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಪಾಲು ಇರಬೇಕೆಂಬುದು ನಿಯಮ. ಹಾಗಾಗಿ ಅರ್ಧದ ಹತ್ತಿರದವರೆಗೂ ಬೇರಿನ ಪುಡಿ ಇರಬಹುದು. ಬಣ್ಣ ಅದರಿಂದ ಚೆನ್ನಾಗಿಯೇ ಬರುತ್ತದೆ, ಆದರೆ ತೂತು ಕಟ್ಟಿ ಡಿಕಾಕ್ಷನ್ ಇಳಿಯುವುದು ನಿಧಾನವಾಗುತ್ತದೆ. ಆಗ ಜನ ಬೈಯುವುದು ಫಿಲ್ಟರನ್ನು.

ವಿರೋಧ: ಪಾತ್ರೆಯೇ ಸಾಕು

ಮೊದಲು ನೀರಿನ ಮಾತು. ತಾಂಡೂರಿನ ನೆಲದಡಿ ಇರುವುದು ಸುಣ್ಣದ ಕಲ್ಲು, ಊರೂರಿನ ಅಂಗಳಕ್ಕೆ ಹಾಸುಗಲ್ಲಾಗಿ ಹೋಗುವ ಅದೇ ಕಲ್ಲು. ಅಂಥ ನೆಲದ ಬೋರ್ ನೀರು ಗಡಸು. ಅದು ಕಾಫಿಯ ಹಿತವಾದ ಹುಳಿಯನ್ನು ನುಂಗಿ ರುಚಿಯನ್ನು ಚಪ್ಪೆ ಮಾಡುತ್ತದೆ, ಫಿಲ್ಟರಿನ ಸಣ್ಣ ತೂತುಗಳಲ್ಲಿ ಬಿಳಿ ಪದರ ಕಟ್ಟುತ್ತದೆ. (ರುಚಿಯ ದೂರು ಪಾತ್ರೆಗೂ ಅನ್ವಯಿಸುತ್ತದೆ, ನೀರು ಅದೇ ತಾನೇ! ತೆಲಂಗಾಣದ ಕುಡಿಯುವ ನೀರಿನ ಯೋಜನೆ ಮಿಷನ್ ಭಗೀರಥದ ನಲ್ಲಿ ಇರುವ ಮನೆಯವರು ಆ ನೀರಲ್ಲಿ ಒಮ್ಮೆ ಮಾಡಿ ನೋಡಲಿ. ತೂತಿನ ಸುಣ್ಣಕ್ಕೆ ನಿಂಬೆರಸ ಸಾಕು.)

ಗಟ್ಟಿಯಾದ ವಾದ ಬೇರೆ ಇದೆ: ಕುಡಿಯುವವರು ಎಷ್ಟು ಮಂದಿ? ಆರು ಜನರ ಮನೆಯಲ್ಲಿ ಐವರಿಗೆ ಚಹಾ, ರಜೆಗೆ ಬಂದ ಒಬ್ಬ ಮಗಳಿಗೆ ಕಾಫಿ. ಅರ್ಧ ಕಿಲೋ ಪೊಟ್ಟಣ ಒಡೆದ ಮೇಲೆ ಕೆಲವೇ ವಾರಗಳಲ್ಲಿ ಪರಿಮಳ ಹೋಗುತ್ತದೆ, ಆಮೇಲೆ ಎಂಥ ಹಿತ್ತಾಳೆ ಫಿಲ್ಟರ್ ಇದ್ದರೇನು? ಬೆಳಗಿನ ಡಿಕಾಕ್ಷನ್ ಸಂಜೆಗೆ ಮಂಕು. ಹೇಳದೆ ನಾಲ್ವರು ಬೀಗರು ಬಂದರೆ ಇಪ್ಪತ್ತು ನಿಮಿಷ ಕೂರಿಸುವುದು ಹೇಗೆ?

ಪಾತ್ರೆಯ ಕಾಫಿ ಕೀಳೂ ಅಲ್ಲ. ಮಲೆನಾಡಿನ ಬೆಲ್ಲದ ಕಾಫಿ ಆಗುವುದೇ ಹಾಗೆ: ಬೆಲ್ಲ ಕರಗಿದ ನೀರಿಗೆ ಪುಡಿ ಹಾಕಿ, ಒಂದು ಕುದಿ ಬಂದೊಡನೆ ಇಳಿಸಿ, ಮುಚ್ಚಿ, ಚರಟ ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸುವುದು. ಹಾಲು ಬೇರೆ ಕಾಯಿಸಿ ಕಡೆಗೆ ಸೇರಿಸಬೇಕು, ಬೆಲ್ಲದೊಂದಿಗೆ ಕುದಿಸಿದರೆ ಒಡೆಯುವುದುಂಟು. ಕಬ್ಬು ಬೆಳೆಯುವ ಜಹೀರಾಬಾದಿನಲ್ಲಿ ಬೆಲ್ಲಕ್ಕೇನು ಬರ? ಇನ್‌ಸ್ಟಂಟ್ ಬಗ್ಗೆ ಹೆಚ್ಚು ಮಾತು ಬೇಡ. 1938ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನೆಸ್‌ಕೆಫೆ ಬಂದಾಗಿನಿಂದ ಅದರ ಬಂಡವಾಳ ಅವಸರವೊಂದೇ.

ಆರೋಗ್ಯದ ಹೆಸರಲ್ಲಿ ಫಿಲ್ಟರ್ ಮಾರುವವರಿಗೂ ಒಂದು ಮಾತು. ಕುದಿಸಿ ಸೋಸದೆ ಕುಡಿದ ಕಾಫಿಯಲ್ಲಿ ಕೊಲೆಸ್ಟ್ರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಜಿಡ್ಡಿನಂಶ ಉಳಿಯುತ್ತದೆ, ನಿಜ. ಅದನ್ನು ಚೆನ್ನಾಗಿ ತಡೆಯುವುದು ಕಾಗದದ ಫಿಲ್ಟರ್. ಲೋಹದ ತೂತಿಗೆ ಆ ಶಕ್ತಿಯಿಲ್ಲ.

ನನ್ನನ್ನು ಕೇಳಿದರೆ, ದಿನಾ ಕುಡಿಯುವವರು ಇಬ್ಬರಿದ್ದರೆ ಎರಡು ಲೋಟದ ಚಿಕ್ಕ ಫಿಲ್ಟರ್ ಕೊಳ್ಳಬಹುದು. ಇಲ್ಲದಿದ್ದರೆ ಪಾತ್ರೆ, ಬಟ್ಟೆ ಸಾಕು. ಮಕ್ಕಳಿಗೆ ಮಾತ್ರ ಹೇಳಿಡಿ: ಅರ್ಧ ಕಿಲೋ ಬೇಡ, ನೂರು ಗ್ರಾಂ ತಾ, ಫಿಲ್ಟರಿಗಾದರೆ ಫಿಲ್ಟರಿಗೆಂದೇ ಹೇಳಿ ಬೀಸಿಸು, ತೀರಾ ನುಣ್ಣಗಾದರೆ ಇಳಿಯುವುದಿಲ್ಲ.