ಕೈತೋಟದ ಕಿವಿಮಾತು: ತುಳಸಿಗೂ ಚಳಿಯಾಗುತ್ತೆ!

ಧನುರ್ಮಾಸ ಬಂತೆಂದರೆ ಎಷ್ಟೋ ಮನೆಗಳ ತುಳಸಿ ಸೊರಗುತ್ತದೆ. ಎಲೆ ಕಪ್ಪಾಗಿ ಉದುರುತ್ತದೆ. "ಮನೆಗೆ ಕೇಡು, ಸೊಸೆಯ ಕೈಗುಣ ಸರಿಯಿಲ್ಲ" ಎಂಬ ಮಾತೂ ಹುಟ್ಟಿಕೊಳ್ಳುತ್ತದೆ. ಪಾಪ, ಸೊಸೆ ಏನು ಮಾಡಿಯಾಳು? ಕಾರಣ ಇರೋದು ಎಲೆಯೊಳಗಿನ ಜಿಡ್ಡಿನಲ್ಲಿ.

ನಗಬೇಡಿ ಸೋದರಿಯರೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಸೂರ್ಯಕಾಂತಿ ಎಣ್ಣೆ ತೆಳ್ಳಗೇ ಇರುತ್ತದೆ ಅಲ್ಲವೆ? ಗಿಡದ ಪ್ರತಿಯೊಂದು ಜೀವಕೋಶಕ್ಕೂ ಕೊಬ್ಬಿನಂಶದ ತೆಳುಪೊರೆಯಿದೆ. ಚಳಿಗೆ ಅದು ಬಿಗಿಯುತ್ತದೆ. ಚಳಿ ಮಿತಿಮೀರಿದರೆ ಒಳಗಿನ ಸತ್ವ ಸೋರತೊಡಗುತ್ತದೆ.

ಗಿಡವೇನೂ ಸುಮ್ಮನೆ ಕೂರೋದಿಲ್ಲ. ಚಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಪೊರೆಯ ಕೊಬ್ಬಿನಿಂದಲೇ ಫಾಸ್ಫಟಿಡಿಕ್ ಆಮ್ಲ ಹುಟ್ಟಿ, "ಅಮ್ಮಾ, ಹಾಲು ಉಕ್ಕುತ್ತಿದೆ" ಎಂದು ಕೂಗುವ ಮಗುವಿನಂತೆ ಜೀವಕೋಶವನ್ನು ಎಚ್ಚರಿಸುತ್ತದೆ. ಇನ್ನೊಂದು ದೂತ ನಿಮ್ಮ ಮುಡಿಗೆ ಹತ್ತಿರದ್ದು. 1962ರಲ್ಲಿ ಜಾಜಿ ಹೂವಿನ ತೈಲದಲ್ಲಿ ಮೀಥೈಲ್ ಜಾಸ್ಮೊನೇಟ್ ಎಂಬ ಪರಿಮಳವಸ್ತು ಸಿಕ್ಕಿತು. ಅದೇ ಬಳಗದ ಜಾಸ್ಮೊನಿಕ್ ಆಮ್ಲವನ್ನು ಗಿಡಗಳು ಲಿನೊಲೆನಿಕ್ ಆಮ್ಲದಿಂದ, ಅಂದರೆ ಅಗಸೆ ಎಣ್ಣೆಯಲ್ಲಿ ಧಾರಾಳವಾಗಿರುವ ಕೊಬ್ಬಿನಿಂದ, ತಯಾರಿಸಿಕೊಳ್ಳುತ್ತವೆ. ಸಾಸಿವೆಯ ನೆಂಟನಾದ ಅರಾಬಿಡಾಪ್ಸಿಸ್ ಎಂಬ ಕಿರುಗಿಡದಲ್ಲಿ ಇದು ಹಿಮ ತಡೆಯುವ ಶಕ್ತಿ ಹೆಚ್ಚಿಸುವುದು 2013ರಲ್ಲಿ ಕಂಡುಬಂತು.

ಅಂಥ ಗಿಡ ನಿಧಾನವಾಗಿ ಚಳಿಗೆ ಒಗ್ಗಿದರೆ, ಗಟ್ಟಿಯಾಗದ ಕೊಬ್ಬನ್ನು ಪೊರೆಯಲ್ಲಿ ಹೆಚ್ಚಿಸಿಕೊಳ್ಳುತ್ತದೆ. ತುಳಸಿ, ಬಾಳೆ, ಟೊಮ್ಯಾಟೊ ಬೆಚ್ಚನೆಯ ಸೀಮೆಯವು. ಅವಕ್ಕೆ ಈ ಜಾಣತನ ಕಡಿಮೆ. ಬಾಳೆಕಾಯಿ ಸುಮಾರು 13 ಡಿಗ್ರಿಗಿಂತ ಕೆಳಗೆ ಸರಿಯಾಗಿ ಹಣ್ಣಾಗದೆ ಸಿಪ್ಪೆ ಕಪ್ಪಾಗುವುದೂ ಚಳಿಯ ಪೆಟ್ಟಿನಿಂದಲೇ. ಫ್ರಿಜ್ಜಿನಲ್ಲಿ ಇಡಬೇಡಿ.

ತುಳಸಿಗೆ ಮಾಡಬೇಕಾದದ್ದು ಇಷ್ಟೆ:

ಕುಂಡವಾದರೆ ಬಿಸಿಲು ಬೀಳುವ ಗೋಡೆಯ ಪಕ್ಕಕ್ಕೆ ಸರಿಸಿ. ಕಟ್ಟೆಯ ಗಿಡವಾದರೆ ರಾತ್ರಿ ಹಳೆಯ ಪಂಚೆ ಹೊದಿಸಿ, ಬೆಳಿಗ್ಗೆ ಮರೆಯದೆ ತೆಗೆಯಿರಿ.

ಸಂಜೆ ನೀರು ಬೇಡ. ಬಿಸಿಲೇರಿದ ಮೇಲೆ, ಮಣ್ಣು ಒಣಗಿದ್ದರೆ ಮಾತ್ರ ಹಾಕಿ. ಪೂಜೆಗೆ ಒಂದು ಉದ್ಧರಣೆ ಸಾಕು.

ಒಣಗಿದ ಕದಿರು ಚಿವುಟಿ. ಚಳಿ ಕಳೆಯುವ ತನಕ ಯೂರಿಯಾ ಹಾಕಬೇಡಿ.

ಎಲೆಯೆಲ್ಲ ಉದುರಿದರೂ ಕೀಳುವ ಮೊದಲು ಕಾಂಡವನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಬಿಸಿಲು ಬಲಿತಾಗ ಚಿಗುರೀತು. ಅಲ್ಲಿಯವರೆಗೆ ಅತ್ತೆಯವರಿಗೆ ಈ ಎಣ್ಣೆಯ ಕಥೆ ಹೇಳಿ. ಕೊಬ್ಬರಿ ಎಣ್ಣೆಯ ಬಾಟಲಿಯನ್ನೇ ತೋರಿಸಿದರೆ ನಂಬಿಯಾರು!