ಕಾಡಿನ ಸ್ನಾನವೂ ಊರಿನ ಗುಂಡುತೋಪೂ



ಈ ವಾರ ಗೊಬ್ಬರ, ಬೀಜ, ಔಷಧಿಗಳ ವಿಷಯವನ್ನು ಬದಿಗಿಟ್ಟು ನಿಮ್ಮ ದೇಹಸ್ಥಿತಿಯ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಉಳುವ ಎತ್ತು ಏದುಸಿರು ಬಿಟ್ಟರೆ ನೊಗ ಇಳಿಸಿ ನೆರಳಿಗೆ ಕಟ್ಟುತ್ತೀರಿ. ನಿಮ್ಮ ನೊಗ ಇಳಿಸುವವರು ಯಾರು? ಸಾಲದ ಕಂತು, ಕೈಕೊಟ್ಟ ಮಳೆ, ಬತ್ತಿದ ಕೊಳವೆ ಬಾವಿ, ಸರಿರಾತ್ರಿಯಲ್ಲಿ ಬರುವ ಕರೆಂಟು, ಇವೆಲ್ಲ ಸೇರಿ ರೈತನ ನಿದ್ದೆ ಕೆಡಿಸಿವೆ. ಪೇಟೆಯವರ ಕಾಯಿಲೆ ಎನ್ನುತ್ತಿದ್ದ ರಕ್ತದೊತ್ತಡ ಈಗ ಹಳ್ಳಿಯ ಜಗಲಿಯ ಮೇಲೂ ಕುಳಿತಿದೆ.

ಜಪಾನ್ ದೇಶದ ಅರಣ್ಯ ಇಲಾಖೆ 1982ರಲ್ಲಿ ‘ಶಿನ್‌ರಿನ್ ಯೋಕು’ ಎಂಬ ಮಾತನ್ನು ಬಳಕೆಗೆ ತಂದಿತು. ಶಿನ್‌ರಿನ್ ಎಂದರೆ ಕಾಡು, ಯೋಕು ಎಂದರೆ ಸ್ನಾನ. ಇದಕ್ಕೆ ನೀರು ಬೇಡ, ಸೋಪು ಬೇಡ. ಮರಗಳ ನಡುವೆ ನಿಧಾನವಾಗಿ ನಡೆಯುವುದು, ಕುಳಿತುಕೊಳ್ಳುವುದು, ಉಸಿರಾಡುವುದು, ಇಷ್ಟೇ. ನಾಗಾನೊ ಪ್ರಾಂತದ ಅಕಸಾವ ಎಂಬ ಕಾಡಿನಲ್ಲಿ, 300 ವರ್ಷ ದಾಟಿದ ಹಿನೋಕಿ ಮರಗಳ ಕೆಳಗೆ, ಇದು ಮೊದಲಾಯಿತು. ದುಡಿದು ದುಡಿದೇ ಸಾಯುವುದಕ್ಕೆ ಪ್ರತ್ಯೇಕ ಪದವಿರುವ ದೇಶ ಅದು. ವಿಶ್ರಾಂತಿಯನ್ನೂ ಇಲಾಖೆಯೇ ಕಲಿಸಬೇಕಾಗಿ ಬಂತು.

ಇದರಿಂದ ಗುಣವುಂಟೇ ಎಂದು ಕೇಳುವುದು ನ್ಯಾಯ. ಟೋಕಿಯೋದ ನಿಪ್ಪಾನ್ ವೈದ್ಯಕೀಯ ವಿದ್ಯಾಲಯದ ಡಾ. ಚಿಂಗ್ ಲಿ ಮತ್ತು ಸಂಗಡಿಗರು 2005ರಲ್ಲಿ ನಗರದ 12 ಗಂಡಸರನ್ನು 3 ದಿನ ಕಾಡಿನಲ್ಲಿ ಓಡಾಡಿಸಿ ರಕ್ತ ಪರೀಕ್ಷೆ ಮಾಡಿದರು. ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ ಚಟುವಟಿಕೆ ಸುಮಾರು ಶೇ. 50ರಷ್ಟು ಹೆಚ್ಚಿತ್ತು. 12 ಮಂದಿಯ ಲೆಕ್ಕ ಸಣ್ಣದು. ಒಂದೇ ತಾಕಿನ ಫಸಲು ನೋಡಿ ಯಾವ ತಳಿಯನ್ನೂ ನಾವು ಶಿಫಾರಸು ಮಾಡುವುದಿಲ್ಲ. ಆದರೆ ಮುಂದೆ ಜಪಾನಿನ 24 ಕಾಡುಗಳಲ್ಲಿ ನಡೆದ ಪರೀಕ್ಷೆಗಳಲ್ಲಿಯೂ, ಪೇಟೆಯಲ್ಲಿದ್ದಾಗಿನದಕ್ಕಿಂತ ಕಾಡಿನಲ್ಲಿದ್ದಾಗ ನಾಡಿಬಡಿತ, ರಕ್ತದೊತ್ತಡ ಮತ್ತು ಆತಂಕದ ಹೊತ್ತಿನಲ್ಲಿ ಏರುವ ಕಾರ್ಟಿಸಾಲ್ ಎಂಬ ರಸದೂತ ಕಡಿಮೆಯಿದ್ದುದು ಕಂಡುಬಂದಿದೆ. ಹಿನೋಕಿಯಂಥ ಮರಗಳು ಬಿಡುವ ಪರಿಮಳವೂ ಒಂದು ಕಾರಣವೆಂದು ಅವರು ಹೇಳುತ್ತಾರೆ. ಅದನ್ನು ನಮ್ಮ ಹೊಂಗೆ, ಹಿಪ್ಪೆಗೆ ಹಚ್ಚಿ ಹೇಳಬೇಕಿಲ್ಲ. ನೆರಳು, ತಂಪು, ನಿಶ್ಶಬ್ದ ಎಲ್ಲ ಮರದ ಕೆಳಗೂ ಸಿಗುತ್ತವೆ. ಹಾಗೆಂದು ಡಾಕ್ಟರು ಕೊಟ್ಟ ಮಾತ್ರೆಯನ್ನು ನಿಲ್ಲಿಸಬೇಡಿ.

‘ನಾವು ದಿನವೂ ಮರಗಿಡದ ನಡುವೆಯೇ ಇರುತ್ತೇವಲ್ಲ’ ಎನ್ನುತ್ತೀರಿ. ನಿಜ, ಆದರೆ ಹೆಗಲ ಮೇಲೆ ಗುದ್ದಲಿ, ತಲೆಯೊಳಗೆ ಲೆಕ್ಕ. ಹೆಂಗಸರಂತೂ ಕಾಡಿಗೆ ಹೋಗುವುದು ಸೌದೆಗೆ, ಬರುವುದು ಹೊರೆ ಹೊತ್ತು. ಅದು ಕೆಲಸ, ಸ್ನಾನವಲ್ಲ. ಡಾ. ಲಿ ಅವರ ಜನ ಮೊದಲ ದಿನ 2 ಗಂಟೆಯಲ್ಲಿ ನಡೆದದ್ದು ಬರೀ ಎರಡೂವರೆ ಕಿಲೋಮೀಟರ್. ನೀವಾದರೆ ಅರ್ಧ ಗಂಟೆಯಲ್ಲಿ ಮುಗಿಸುತ್ತೀರಿ! ಡೇರಿಗೆ ಹಾಲು ಹಾಕಿ ಬಂದ ಮೇಲೆ, ಇಲ್ಲವೇ ಸಂಜೆ ದನ ಕಟ್ಟುವ ಮುಂಚೆ, ಕತ್ತಿ, ಬೀಡಿ, ಮೊಬೈಲ್ ಮೂರನ್ನೂ ಮನೆಯಲ್ಲಿಟ್ಟು ಅರ್ಧ ಗಂಟೆ ಮರದ ಕೆಳಗೆ ಸುಮ್ಮನೆ ಕುಳಿತು ಬನ್ನಿ. ಮನೆಯಾಕೆಯನ್ನೂ ಕರೆದೊಯ್ಯಿರಿ, ಅಷ್ಟು ಹೊತ್ತು ಒಲೆ ಕಾಯಲಿ.

ಮಲೆನಾಡಿನವರಿಗೆ ಒಂದು ಎಚ್ಚರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಕಾಡಿನ ಉಣುಗು ಕಚ್ಚಿ ಹರಡುವ ರೋಗವಿದು. ಡಿಸೆಂಬರಿನಿಂದ ಮೇವರೆಗೆ ಇದರ ಹಾವಳಿ ಹೆಚ್ಚು. ರೋಗವಿರುವ ಕಡೆ ಆ ತಿಂಗಳುಗಳಲ್ಲಿ ಕಾಡು ಹೊಗಬೇಡಿ, ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಬಯಲುಸೀಮೆಯಲ್ಲಿ ಕಷ್ಟ ಬೇರೆ: ಕೂರಲು ಮರವೇ ಇಲ್ಲ. ಹಿರಿಯರು ಊರಿಗೊಂದು ಗುಂಡುತೋಪು ಬಿಟ್ಟಿದ್ದರು. ಸಂತೆಗೆ ಹೊರಟವರು, ದನಗಾಹಿಗಳು, ದಾರಿಹೋಕರು ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು. ಇಂದು ಎಷ್ಟೋ ಊರುಗಳಲ್ಲಿ ತೋಪು ದಾಖಲೆಯಲ್ಲಿ ಮಾತ್ರ ಇದೆ. ನೆಲದ ಮೇಲೆ ರಾಗಿ ಹೊಲವೋ ನಿವೇಶನವೋ ಆಗಿದೆ. ಒತ್ತಿದವರು ಹೊರಗಿನವರಲ್ಲ, ನಮ್ಮ ನಿಮ್ಮ ನಡುವಿನವರೇ, ಆದ್ದರಿಂದಲೇ ಯಾರೂ ಬಾಯಿ ಬಿಡುವುದಿಲ್ಲ. ಈ ಮೌನ ಸರಿಯಲ್ಲವೆಂಬುದು ನಮ್ಮ ಖಚಿತ ಅಭಿಪ್ರಾಯ. ಮುಂದಿನ ಗ್ರಾಮಸಭೆಯಲ್ಲಿ ಗ್ರಾಮ ನಕ್ಷೆ, ಪಹಣಿ ತರಿಸಿ ತೋಪಿನ ಸರ್ವೆ ನಂಬರು ಓದಿಸಿ. ಅಳತೆ ಮಾಡಿಸಲು ಪಂಚಾಯಿತಿಯ ಮೂಲಕ ತಹಶೀಲ್ದಾರರಿಗೆ ಅರ್ಜಿ ಕೊಡಿಸಿ.

ಜಾಗ ಉಳಿದಿರುವ ಊರಿನವರು ಭರಣಿ ಮಳೆಗೆ ಮುಂಚೆಯೇ 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಲಿ. ಗುಂಡಿಯಿಂದ ಗುಂಡಿಗೆ 30 ಅಡಿ ಇರಲಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಸಸಿ ಸಿಗುತ್ತದೆ. ನೇರಳೆ, ಹೊಂಗೆ, ಬೇವು, ಹಿಪ್ಪೆ ಕೇಳಿ ಪಡೆಯಿರಿ. ಮೃಗಶಿರ ಮಳೆಯಲ್ಲಿ ನೆಟ್ಟು ಸುತ್ತ ಮುಳ್ಳು ಕಟ್ಟಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಕೊಡ ನೀರು ಹಾಕುವವರು ಯಾರೆಂಬುದನ್ನು ನೆಡುವ ಮೊದಲೇ ಗೊತ್ತು ಮಾಡಿಕೊಳ್ಳಿ.