ಆಕಾಶಯಾನದ ಬುತ್ತಿ

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯವರು ದೂರದೂರಿಗೆ ಹೊರಟರೆಂದರೆ ಮನೆಯಲ್ಲಿ ಮೊದಲು ಸಿದ್ಧವಾಗುವುದು ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದೆರಡು ಉಳ್ಳಾಗಡ್ಡಿ. ಇಷ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡವನಿಗೆ ದಾರಿಯಲ್ಲಿ ಖಾನಾವಳಿ ಸಿಕ್ಕರೇನು, ಸಿಗದಿದ್ದರೇನು? ಆದರೆ ಇದೇ ಸೀಮೆಯಲ್ಲಿ ಇನ್ನೊಂದು ಸಂಪ್ರದಾಯವೂ ಬಹುಕಾಲದಿಂದ ಬೆಳೆದುಬಂದಿದೆ. ಅದು ದಾಸೋಹ. ಜೇವರ್ಗಿಯ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲಸಿದ ಶರಣಬಸವೇಶ್ವರರ ಹೆಸರು ಜನರ ನೆನಪಿನಲ್ಲಿ ಉಳಿದಿರುವುದು ಮುಖ್ಯವಾಗಿ ದಾಸೋಹದಿಂದ. ಬಂದವನ ಚೀಲದಲ್ಲಿ ಬುತ್ತಿಯಿದೆಯೋ ಇಲ್ಲವೋ ಎಂದು ದಾಸೋಹದ ಪಂಕ್ತಿಯಲ್ಲಿ ಯಾರೂ ವಿಚಾರಿಸುವುದಿಲ್ಲ. ಬುತ್ತಿಯಲ್ಲಿ ಸ್ವಾತಂತ್ರ್ಯವಿದೆ, ಪಂಕ್ತಿಯಲ್ಲಿ ಸಮಾನತೆಯಿದೆ. ಇವೆರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆ ಈಗ ತೀರ ಅನಿರೀಕ್ಷಿತವಾದ ಒಂದು ಸ್ಥಳದಲ್ಲಿ, ಎಂದರೆ ವಿಮಾನದ ಆಸನದಲ್ಲಿ, ತಲೆಯೆತ್ತಿದೆ.

ಪ್ರಶ್ನೆಯ ಸ್ವರೂಪ ಇಷ್ಟೆ. ವಿಮಾನದಲ್ಲಿ ಕುಳಿತವನ ಹೊತ್ತು ಕಳೆಯುವುದಕ್ಕಾಗಿ ಎದುರಿನ ಆಸನದ ಬೆನ್ನಿಗೆ ಒಂದು ಪರದೆಯನ್ನು ಕೂರಿಸಿ ಅದರಲ್ಲಿ ಚಿತ್ರ, ಸಂಗೀತ, ಆಟ, ನಕಾಶೆಗಳನ್ನು ಒದಗಿಸುವುದು ಒಂದು ಪದ್ಧತಿ. ಪ್ರಯಾಣಿಕರೆಲ್ಲರ ಜೇಬಿನಲ್ಲಿ ಈಗ ಮೊಬೈಲು ಇರುವುದರಿಂದ ಅಂಥ ಪರದೆ ದಂಡವೆಂದೂ, ಅವರವರ ವಿನೋದವನ್ನು ಅವರವರೇ ತಂದುಕೊಳ್ಳಲಿ ಎಂದೂ ಹೇಳುವುದು ಇನ್ನೊಂದು ಪದ್ಧತಿ. ಇದೇನು, ಉಳ್ಳವರ ಚಿಂತೆಯಲ್ಲವೆ, ನಮ್ಮ ಮೂರು ತಾಲ್ಲೂಕುಗಳಿಗೂ ಇದಕ್ಕೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧವಿದೆ. 2019ರ ನವೆಂಬರ್ 22ರಂದು ಕಲಬುರಗಿಯ ವಿಮಾನನಿಲ್ದಾಣ ಆರಂಭವಾದಾಗ ಬೆಂಗಳೂರಿಗೆ ಹಾರಿದ್ದು ಐವತ್ತು ಆಸನಗಳ ಒಂದು ಪುಟ್ಟ ವಿಮಾನ. ಅದರಲ್ಲಿ ಪರದೆಯಿರಲಿಲ್ಲ, ಸುಮಾರು ಒಂದು ಗಂಟೆಯ ಆ ಪ್ರಯಾಣಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಆದರೆ ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗುವ ತರುಣನೂ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಿಂದ ವಿದೇಶದ ವಿಚಾರಸಂಕಿರಣಕ್ಕೆ ಹೊರಡುವ ಅಧ್ಯಾಪಕನೂ, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಹೊರಟ ತಾಯಿಯೂ ಹೈದರಾಬಾದಿನಿಂದಲೋ ಮುಂಬಯಿಯಿಂದಲೋ ವಿಮಾನ ಹತ್ತುತ್ತಾರೆ. ಅವರ ಪಾಲಿಗೆ ಪರದೆಯ ಮುಂದಿನ ಹೊತ್ತು ನಾಲ್ಕು ಗಂಟೆಯಿಂದ ಹದಿನಾರು ಗಂಟೆಯವರೆಗೂ ಬೆಳೆಯುತ್ತದೆ.

ಆಕಾಶದಲ್ಲಿ ಚಿತ್ರ ತೋರಿಸುವ ಹವ್ಯಾಸ ವಿಮಾನದಷ್ಟಲ್ಲದಿದ್ದರೂ ಸಾಕಷ್ಟು ಹಳೆಯದು. 1921ರಲ್ಲಿ ಅಮೆರಿಕದ ಷಿಕಾಗೊ ನಗರದ ಮೇಲೆ ಹಾರುತ್ತಿದ್ದ ಒಂದು ವಿಮಾನದಲ್ಲಿ ಆ ನಗರವನ್ನೇ ಕುರಿತ ಕಿರುಚಿತ್ರವನ್ನು ತೋರಿಸಿದರು. 1925ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಏರ್‌ವೇಸ್‌ನವರು ಮೂಕಿ ಚಿತ್ರವೊಂದನ್ನು ಪ್ರದರ್ಶಿಸಿದರು. ಇವು ಪ್ರಚಾರಕ್ಕಾಗಿ ಮಾಡಿದ ಚಮತ್ಕಾರಗಳು. ನಿಯತವಾಗಿ ಚಿತ್ರ ತೋರಿಸುವ ಕ್ರಮ ಮೊದಲಾದದ್ದು 1961ರಲ್ಲಿ, ಟಿ.ಡಬ್ಲ್ಯು.ಎ. ಸಂಸ್ಥೆಯ ಮೇಲ್ದರ್ಜೆಯ ಪ್ರಯಾಣಿಕರಿಗೆ. ಆಗ ಇದ್ದುದು ಎಲ್ಲರಿಗೂ ಸೇರಿ ಒಂದೇ ತೆರೆ. ಪ್ರತಿಯೊಬ್ಬನಿಗೂ ಬೇರೆ ಪರದೆಯೆಂಬ ಕಲ್ಪನೆ 1988ರಲ್ಲಿ ನಾರ್ತ್‌ವೆಸ್ಟ್ ಸಂಸ್ಥೆಯ ವಿಮಾನದಲ್ಲಿ ಪ್ರಯೋಗಕ್ಕೆ ಬಂದಿತು; ಆ ಪರದೆಯ ಅಳತೆ ಮೂರು ಅಂಗುಲಕ್ಕಿಂತ ಕಡಿಮೆ. ಇಂದು ಅಂಗೈಯಲ್ಲಿ ಹಿಡಿಯುವ ಫೋನು ಅದರ ಇಮ್ಮಡಿಗಿಂತ ದೊಡ್ಡದು.

ನಮ್ಮ ಕರ್ನಾಟಕದ ಮಟ್ಟಿಗೆ ಈ ವಾದದ ಎರಡು ಪಕ್ಷಗಳೂ ಬೆಂಗಳೂರಿನಿಂದಲೇ ಹೊರಟುವೆಂಬುದು ಸ್ವಾರಸ್ಯದ ಸಂಗತಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಪ್ರಯಾಣಿಕನಿಗೆ ಆಸನವನ್ನಲ್ಲದೆ ಮತ್ತೇನನ್ನೂ ಬಿಟ್ಟಿಯಾಗಿ ಕೊಡುವುದಿಲ್ಲವೆಂದು ಸಾರಿ, ಅದರ ಬದಲು ದರವನ್ನು ಇಳಿಸಿತು. ಎರಡು ವರ್ಷದ ಅನಂತರ, 2005ರಲ್ಲಿ, ಬೆಂಗಳೂರಿನ ಉದ್ಯಮ ಸಮೂಹವೊಂದರಿಂದಲೇ ಹೊರಟ ಕಿಂಗ್‌ಫಿಷರ್ ಪ್ರತಿ ಆಸನಕ್ಕೂ ಪರದೆಯಿಟ್ಟು ಉಪಚಾರವನ್ನೇ ತನ್ನ ಬಾವುಟವಾಗಿ ಮಾಡಿಕೊಂಡಿತು. ಮುಂದೆ ಎರಡನೆಯದು ಮೊದಲನೆಯದನ್ನು ಕೊಂಡುಕೊಂಡಿತು; 2012ರಲ್ಲಿ ತಾನೂ ಹಾರಾಟ ನಿಲ್ಲಿಸಿತು. ಪರದೆಯಿಂದಲೇ ಅದು ಮುಳುಗಿತೆಂದು ಹೇಳುವುದು ಅನ್ಯಾಯವಾದೀತು. ಆದರೂ ದೇಶದೊಳಗಿನ ಹಾರಾಟದಲ್ಲಿ ಆ ಬಳಿಕ ಮೇಲುಗೈಯಾದದ್ದು ಪರದೆಯಿಲ್ಲದ, ಅಗ್ಗದ ದರದ ಪದ್ಧತಿಯೇ. 2014ರಲ್ಲಿ ಹಾರಾಟದ ಉದ್ದಕ್ಕೂ ಫೋನನ್ನು ‘ಫ್ಲೈಟ್ ಮೋಡ್’ನಲ್ಲಿ ಬಳಸಲು ಸರಕಾರ ಅಪ್ಪಣೆ ಕೊಟ್ಟ ಮೇಲೆ ಬುತ್ತಿಯ ಪಕ್ಷಕ್ಕೆ ಕಾನೂನಿನ ಬಲವೂ ಬಂದಿತು.

ವಿಮಾನದ ಒಡೆಯರು ಪರದೆಯನ್ನು ಬೇಡವೆನ್ನುವುದಕ್ಕೆ ಕಾರಣಗಳಿಲ್ಲದೆ ಇಲ್ಲ. ಪರದೆ, ಅದರ ತಂತಿ, ಆಸನದ ಕೆಳಗಿನ ಪೆಟ್ಟಿಗೆ ಇವೆಲ್ಲಕ್ಕೂ ತೂಕವಿದೆ; ಆಕಾಶದಲ್ಲಿ ತೂಕವೆಂದರೆ ಇಂಧನ, ಇಂಧನವೆಂದರೆ ಹಣ. ವಿಮಾನದ ಆಯುಷ್ಯ ಇಪ್ಪತ್ತು ವರ್ಷವನ್ನು ಮೀರುತ್ತದೆ. ಪರದೆಯ ಯಂತ್ರವಾದರೋ ಐದಾರು ವರ್ಷಕ್ಕೆ ಮುದಿಯಾಗುತ್ತದೆ. ಒಂದು ಪರದೆ ಕೆಟ್ಟರೆ ಅದರ ಮುಂದೆ ಕುಳಿತವನ ದೂರು ತಪ್ಪಿದ್ದಲ್ಲ. ಇದಕ್ಕಿಂತ ಗಂಭೀರವಾದ ಮಾತೂ ಒಂದುಂಟು. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್ಏರ್ ವಿಮಾನ ಕೆನಡಾದ ಕಡಲತೀರದ ಬಳಿ ಬೆಂಕಿಯಿಂದ ನಾಶವಾಗಿ 229 ಮಂದಿ ಸತ್ತರು. ತನಿಖೆ ನಡೆಸಿದವರ ಗಮನ ಹೋದ ಸಂಗತಿಗಳಲ್ಲಿ ಮನರಂಜನೆಯ ಯಂತ್ರಗಳಿಗೆಂದು ಎಳೆದಿದ್ದ ವಿದ್ಯುತ್ ತಂತಿಯೂ ಒಂದು. ಫೋನಿನ ಪಕ್ಷವೂ ಈ ವಿಷಯದಲ್ಲಿ ಪೂರ್ಣ ನಿರ್ದೋಷಿಯಲ್ಲ. ಲಿಥಿಯಂ ಬ್ಯಾಟರಿಗಳು ಕಾದು ಹೊತ್ತಿಕೊಳ್ಳುವ ಭಯದಿಂದ ಹಲವು ವಿಮಾನಸಂಸ್ಥೆಗಳು ಪವರ್ ಬ್ಯಾಂಕಿನ ಬಳಕೆಗೆ 2025ರಲ್ಲಿ ಕಟ್ಟುನಿಟ್ಟು ವಿಧಿಸಿದುವು. ಬುತ್ತಿಯನ್ನು ಕಟ್ಟಿಕೊಂಡು ಬಾ ಎನ್ನುವವರು ಅದನ್ನು ಬಿಸಿಯಾಗಿಡುವ ಒಲೆಯನ್ನು ಬೇಡವೆಂದರೆ, ಆಸನದಲ್ಲಿ ವಿದ್ಯುತ್ತಿನ ಪ್ಲಗ್ಗನ್ನಾದರೂ ಕೊಡಬೇಕಾಗುತ್ತದೆ.

ಇಷ್ಟಾದರೂ ವ್ಯಾಜ್ಯ ತೀರ್ಮಾನವಾಗಿಲ್ಲ. ಪ್ರಯಾಣಿಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ತಮ್ಮ ಉಪಕರಣವನ್ನು ತಾವೇ ತರುತ್ತಾರೆಂದು ಹೇಳಿ, ತನ್ನ ಹೊಸ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಿಗೆ ಪರದೆ ಹಾಕುವುದಿಲ್ಲವೆಂದು ಅಮೆರಿಕನ್ ಏರ್‌ಲೈನ್ಸ್ 2017ರಲ್ಲಿ ಪ್ರಕಟಿಸಿತು. ಅದೇ ದೇಶದ ಯುನೈಟೆಡ್ ಸಂಸ್ಥೆ 2021ರಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಸಣ್ಣ ವಿಮಾನಗಳಿಗೂ ಪ್ರತಿ ಆಸನಕ್ಕೆ ಪರದೆ ಹಾಕಿಸುವುದಾಗಿ ಸಾರಿತು. ಒಂದೇ ಆಕಾಶ, ಒಂದೇ ಬಗೆಯ ಜನ, ಲೆಕ್ಕ ಬಲ್ಲ ವ್ಯಾಪಾರಿಗಳು. ಆದರೂ ತೀರ್ಪು ಎರಡು! ಲೆಕ್ಕದ ಪುಸ್ತಕವೊಂದರಿಂದಲೇ ಬಗೆಹರಿಯುವ ಪ್ರಶ್ನೆ ಇದಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಮಗೆ ತೋರುವುದೇನೆಂದರೆ, ಈ ವಾದದಲ್ಲಿ ಎಲ್ಲರೂ ಮರೆಯುವ ಒಬ್ಬ ಪ್ರಯಾಣಿಕಳಿದ್ದಾಳೆ. ಜೇವರ್ಗಿಯ ಸೀಮೆಯ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಪರದೇಶದಲ್ಲಿರುವ ಮಗನನ್ನು ನೋಡಲು ಮೊದಲ ಬಾರಿ ಹೊರಟಿದ್ದಾಳೆ. ಅವಳ ಕೈಯಲ್ಲಿ ಫೋನು ಇದೆ. ಆದರೆ ಭೂಮಿಯನ್ನು ಬಿಟ್ಟೊಡನೆ ಅದರ ಚಿತ್ರಗಳೆಲ್ಲ ನಿಂತುಹೋಗುತ್ತವೆ. ಹೊರಡುವ ಮುನ್ನ ಬೇಕಾದ್ದನ್ನು ಇಳಿಸಿಟ್ಟುಕೊಳ್ಳಬೇಕೆಂಬ ಗುಟ್ಟನ್ನು ಅವಳಿಗೆ ಹೇಳಿದವರಿಲ್ಲ. ವಿಮಾನದೊಳಗಿನ ಯಂತ್ರದಿಂದ ತಂತಿಯಿಲ್ಲದೆ ಫೋನಿಗೇ ಚಿತ್ರ ಕಳಿಸುವ ಏರ್ಪಾಟು ಕೆಲವೆಡೆ ಇದೆಯೆಂದರೂ, ಅದನ್ನು ತೆರೆಯುವ ವಿಧಾನವನ್ನು ಬರೆದಿರುವುದು ಇಂಗ್ಲಿಷಿನಲ್ಲಿ. ಎದುರಿಗೆ ಪರದೆಯಿದ್ದರೆ ಪಕ್ಕದವರು ಒಮ್ಮೆ ಬೆರಳಿಟ್ಟು ತೋರಿಸಬಹುದು. ಇಲ್ಲದಿದ್ದರೆ ಎದುರಿನ ಆಸನದ ಬಟ್ಟೆಯನ್ನು ನೋಡುತ್ತ ಅವಳು ಇಡೀ ಹಗಲನ್ನೋ ಇರುಳನ್ನೋ ಕಳೆಯಬೇಕು. ನೂರಕ್ಕೆ ತೊಂಬತ್ತು ಮಂದಿಯಲ್ಲಿ ಅವಳು ಸೇರಿಲ್ಲ, ಉಳಿದ ಹತ್ತರಲ್ಲಿದ್ದಾಳೆ. ಬುತ್ತಿ ಒಳ್ಳೆಯದೇ, ಆದರೆ ಕಟ್ಟಿಕೊಡುವವರಿದ್ದವರಿಗೆ ಮಾತ್ರ. ಮನೆಮಂದಿಗೆಲ್ಲ ಜೀವಮಾನವಿಡೀ ಬುತ್ತಿ ಕಟ್ಟಿದ ಕೈ, ಈ ಹೊಸ ಬುತ್ತಿಯ ವಿಷಯದಲ್ಲಿ ಬರಿಗೈಯಾಗಿ ಕುಳಿತಿರುತ್ತದೆ.

ಪರದೆಯಿದ್ದ ಮಾತ್ರಕ್ಕೆ ಅವಳ ಕಷ್ಟ ತೀರಿತೆಂದೂ ಹೇಳುವಂತಿಲ್ಲ. ಅಲ್ಲಿನ ಪಟ್ಟಿಯಲ್ಲಿ ಜಗತ್ತಿನ ನಾನಾ ನುಡಿಗಳಿರುತ್ತವೆ. ಕನ್ನಡವನ್ನು ಮಾತ್ರ ಹುಡುಕಬೇಕಾಗುತ್ತದೆ. ನಮ್ಮ ಕಡೆಯವರು ಹಿಂದಿ, ದಖನಿ ಉರ್ದು, ಮರಾಠಿ, ತೆಲುಗುಗಳ ನಡುವೆ ಬೆಳೆದವರಾದ್ದರಿಂದ ಆ ತಾಯಿ ಹೇಗೋ ಒಂದು ಹಿಂದಿ ಚಿತ್ರದಿಂದ ಹೊತ್ತು ಕಳೆದಾಳು. ಆದರೆ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ, ಎದೆ ಹೊಡೆದುಕೊಳ್ಳುತ್ತಿರುವಾಗ, ತನ್ನ ಮಾತು ಕಿವಿಗೆ ಬಿದ್ದರೆ ಆಗುವ ಸಮಾಧಾನವೇ ಬೇರೆ. ಇಲ್ಲಿ ಫೋನಿನ ಹಿರಿಮೆಯನ್ನು ಒಪ್ಪಲೇಬೇಕು. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳನ್ನು ಯಾವ ವಿಮಾನಸಂಸ್ಥೆಯೂ ತನ್ನ ಪಟ್ಟಿಗೆ ಸೇರಿಸೀತೆಂದು ನಂಬುವುದು ಕಷ್ಟ. ಮೊಮ್ಮಗಳೊಬ್ಬಳು ಅರ್ಧ ಗಂಟೆ ಕುಳಿತರೆ ಅವನ್ನು ಅಜ್ಜಿಯ ಫೋನಿಗೆ ತುಂಬಿಕೊಡಬಲ್ಲಳು. ದೊಡ್ಡ ಅಂಗಡಿಯಲ್ಲಿ ದೊರೆಯದ ರುಚಿ ಮನೆಯ ಬುತ್ತಿಯಲ್ಲಿ ದೊರೆಯುತ್ತದೆಂಬುದು ರೊಟ್ಟಿಗೆ ಹೇಗೋ ಹಾಡಿಗೂ ಹಾಗೆ.

ಒಂದೇ ಪರದೆಯನ್ನು ಎಲ್ಲರೂ ನೋಡುವ ಕಾಲವನ್ನು ನಮ್ಮ ರಸ್ತೆಗಳೂ ಕಂಡಿವೆ. ರಾತ್ರಿಯ ಬಸ್ಸುಗಳ ಮೈಮೇಲೆ ‘ವಿಡಿಯೊ ಕೋಚ್’ ಎಂದು ಬರೆದಿರುತ್ತಿದ್ದ ದಿನಗಳಲ್ಲಿ ಚಾಲಕನ ಹಿಂದಿನ ಪೆಟ್ಟಿಗೆಯಲ್ಲಿ ಓಡುವ ಚಿತ್ರವನ್ನು ಬೇಕಾದವರೂ ಬೇಡವಾದವರೂ ನೋಡಬೇಕಾಗಿತ್ತು. ನಿದ್ದೆಯ ಆಸೆಯುಳ್ಳವನ ಪಾಡು ಹೇಳತೀರದು. ಆದರೂ ಹಾಸ್ಯದ ದೃಶ್ಯಕ್ಕೆ ಬಸ್ಸೆಲ್ಲ ಒಟ್ಟಿಗೆ ನಗುತ್ತಿತ್ತು. ಈಗ ಪುಣೆಗೋ ಬೆಂಗಳೂರಿಗೋ ಕೂಲಿ ಅರಸಿ ಹೊರಟವರ ಬಸ್ಸಿನಲ್ಲಿ ಪ್ರತಿಯೊಬ್ಬನ ಅಂಗೈಯಲ್ಲೂ ಒಂದೊಂದು ಬೆಳಕು, ನಗೆಯೂ ಒಬ್ಬೊಬ್ಬನದೇ. ಅದು ಕಿವಿಯ ಮಟ್ಟಿಗೆ ಉಳಿದಿದ್ದರೆ ಚೆನ್ನಿತ್ತು. ಫೋನಿನ ಸದ್ದನ್ನು ಊರಿಗೆಲ್ಲ ಕೇಳಿಸುವವರ ಕಾಟ ಹೆಚ್ಚಿ, ವಿಷಯ ಹೈಕೋರ್ಟಿನವರೆಗೆ ಹೋಗಿ, 2021ರ ನವೆಂಬರಿನಲ್ಲಿ ರಾಜ್ಯದ ಸಾರಿಗೆ ನಿಗಮ ಬಸ್ಸಿನಲ್ಲಿ ಜೋರಾಗಿ ಹಾಡು, ಚಿತ್ರ ಹಾಕುವುದನ್ನು ನಿಷೇಧಿಸಬೇಕಾಯಿತು. ತನ್ನ ಬುತ್ತಿಯನ್ನು ಬಿಚ್ಚುವವನು ಪಕ್ಕದವನ ಎಲೆಯ ಮೇಲೆ ಚೆಲ್ಲಬಾರದೆಂಬ ಸಾಮಾನ್ಯ ವಿವೇಕಕ್ಕೂ ನ್ಯಾಯಾಲಯದ ಆಜ್ಞೆ ಬೇಕಾಯಿತೆಂಬುದು ನಾಚಿಕೆಯ ಮಾತು. ಬಸ್ಸಿನಲ್ಲಾದರೆ ಕಿಟಕಿ ತೆಗೆದು ಗಾಳಿಗೆ ಮುಖವೊಡ್ಡಬಹುದು. ವಿಮಾನದಲ್ಲಿ ಆ ದಾರಿಯೂ ಇಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕೆಂದರೆ, ಒಂದೆರಡು ಗಂಟೆಯ ಹಾರಾಟಕ್ಕೆ ಪರದೆ ಬೇಕಿಲ್ಲ. ಅದರ ತೂಕದ ಹಣ ಟಿಕೇಟಿನಲ್ಲಿ ಉಳಿದರೆ ಆಳಂದದ ಇನ್ನೊಬ್ಬ ವಿದ್ಯಾರ್ಥಿ ವಿಮಾನ ಹತ್ತಿಯಾನು. ಅದೇ ಹೆಚ್ಚಿನ ಲಾಭ. ಆದರೆ ಸಾಗರ ದಾಟುವ ದೀರ್ಘ ಹಾರಾಟದಲ್ಲಿ ಪರದೆಯನ್ನು ಕಿತ್ತುಹಾಕುವುದು ತಪ್ಪು. ಅಲ್ಲಿ ಅದು ಪಂಕ್ತಿಯ ಎಲೆ. ಫೋನಿಲ್ಲದವನಿಗೂ, ಬ್ಯಾಟರಿ ತೀರಿದವನಿಗೂ, ಅಕ್ಷರ ಬಾರದವನಿಗೂ ಸಮನಾಗಿ ಬಡಿಸುವ ಎಲೆ. ಬಡಿಸುವುದರಲ್ಲಿ ಕನ್ನಡವೂ ಇರಬೇಕು. ಬೆಂಗಳೂರಿನಿಂದ ಹೊರಡುವ ವಿಮಾನದಲ್ಲಿ ಕನ್ನಡದ ಹತ್ತು ಚಿತ್ರ, ನಾಲ್ಕು ನಾಟಕ, ಒಂದಿಷ್ಟು ವಚನಗಾಯನ ಇರಲೆಂದು ಕೇಳುವುದು ಭಿಕ್ಷೆಯಲ್ಲ. ಹಣ ಕೊಟ್ಟ ಪ್ರಯಾಣಿಕನ ಹಕ್ಕು. ಪರದೆಯ ಮೇಲಿನ ಗುಂಡಿಗಳ ಹೆಸರು ಕನ್ನಡದಲ್ಲಿದ್ದರೆ ಆ ತಾಯಿಗೆ ಪಕ್ಕದವರ ಬೆರಳೂ ಬೇಕಾಗುವುದಿಲ್ಲ. ಪರದೆಯ ನಕಾಶೆಯಲ್ಲಿ ಚಲಿಸುವ ಪುಟ್ಟ ವಿಮಾನವನ್ನು ನೋಡುತ್ತ, ಮಗನ ಊರು ಇನ್ನೆಷ್ಟು ದೂರವೆಂದು ಅವಳೇ ಅಳೆದುಕೊಂಡಾಳು.

ಕೇಳುವುದು ಒಂದು ಬದಿಯಾದರೆ, ನಾವು ಮಾಡಬೇಕಾದುದು ಇನ್ನೊಂದು ಬದಿ. ಈ ಪುಟವನ್ನೋದುವ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಮನೆಯಿಂದ, ತಮ್ಮ ಓಣಿಯಿಂದ ಯಾರಾದರೂ ಹಿರಿಯರು ದೂರ ಹೊರಟಾಗ ಅವರ ಫೋನನ್ನು ಒಮ್ಮೆ ಕೈಗೆ ತೆಗೆದುಕೊಳ್ಳಲಿ. ಅವರಿಗೆ ಪ್ರಿಯವಾದ ಹಾಡು, ಓದಿಸಿ ಧ್ವನಿಮುದ್ರಿಸಿದ ನಾಲ್ಕು ಕಥೆ, ಮನೆಮಂದಿಯ ಚಿತ್ರ, ಇವನ್ನು ತುಂಬಿಕೊಡಲಿ. ತೆರೆಯುವ ಬಗೆಯನ್ನು ಎರಡು ಸಲ ತೋರಿಸಲಿ. ಒಂದು ಜೊತೆ ಇಯರ್‌ಫೋನನ್ನು ಚೀಲದಲ್ಲಿ ಇಡಲಿ. ಇದಕ್ಕೆ ವಿಮಾನಸಂಸ್ಥೆಯ ಅಪ್ಪಣೆ ಬೇಕಿಲ್ಲ, ಸರಕಾರದ ಅನುದಾನವೂ ಬೇಕಿಲ್ಲ. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಹಿಂಡಿ ಕಟ್ಟಿ, ನಮ್ಮನ್ನು ಓದಲು ಕಳುಹಿಸಿದವರು ಅವರು. ಈಗ ಅವರು ಹೊರಟಿದ್ದಾರೆ. ಬುತ್ತಿ ಕಟ್ಟುವ ಸರದಿ ನಮ್ಮದು.